ಮಗಳ ಟೆನಿಸ್ ರಾಕೆಟ್‌ಗೆ ಯಾವ ಗಟ್, ಎಷ್ಟು ಪೌಂಡ್? ಮನೆಯಲ್ಲೇ ಯಂತ್ರ ಇಟ್ಟುಕೊಳ್ಳಬಹುದೇ?

ಮೈಸೂರಿನಿಂದ ಪ್ರಶ್ನೆ

ಹದಿನಾಲ್ಕು ವರ್ಷದ ನನ್ನ ಮಗಳು ವಾರಕ್ಕೆ ಐದು ದಿನ ಹಾರ್ಡ್ ಕೋರ್ಟಿನಲ್ಲಿ ಟೆನಿಸ್ ಆಡುತ್ತಾಳೆ. ಎರಡು ತಿಂಗಳ ಹಿಂದೆ ರಾಕೆಟ್‌ನ ಗಟ್, ಅಂದರೆ ಜಾಲರಿಯ ಎಳೆ, ತುಂಡಾದಾಗ ಅಂಗಡಿಯವರು, ಈಗ ಎಲ್ಲರೂ ಇದನ್ನೇ ಹಾಕಿಸುತ್ತಾರೆಂದು ಹೇಳಿ ಪಾಲಿಯೆಸ್ಟರ್ ಸ್ಟ್ರಿಂಗನ್ನು 58 ಪೌಂಡಿಗೆ ಬಿಗಿದುಕೊಟ್ಟರು. ಅದು ಇನ್ನೂ ತುಂಡಾಗಿಲ್ಲ. ಆದರೆ ಚೆಂಡು ಮೊದಲಿನಂತೆ ಹೋಗುತ್ತಿಲ್ಲವೆಂದು ಅವಳು ದೂರುತ್ತಿದ್ದಾಳೆ. ಮೂರು ವಾರಗಳಿಂದ ಮೊಣಕೈ ನೋವೂ ಶುರುವಾಗಿದೆ. ವೈದ್ಯರು ಹದಿನೈದು ದಿನ ವಿಶ್ರಾಂತಿ ಹೇಳಿದ್ದಾರೆ. ಅವಳು ಮತ್ತೆ ಆಟಕ್ಕೆ ಇಳಿಯುವಾಗ ಯಾವ ಗಟ್ ಹಾಕಿಸಬೇಕು, ಎಷ್ಟು ಬಿಗಿ ಇರಬೇಕು, ಪದೇಪದೇ ಅಂಗಡಿಗೆ ಅಲೆಯುವ ಬದಲು ಒಂದು ಯಂತ್ರವನ್ನೇ ಕೊಂಡುಕೊಳ್ಳುವುದು ಜಾಣತನವೇ ಎಂಬುದನ್ನು ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಬೆಂಗಳೂರಿನಿಂದ ಉತ್ತರ

ಮಾನ್ಯರೇ, ಇಪ್ಪತ್ತು ವರ್ಷಗಳಿಂದ ನನ್ನ ಮತ್ತು ಗೆಳೆಯರ ರಾಕೆಟ್‌ಗಳಿಗೆ ನಾನೇ ಗಟ್ಟಿಂಗ್ ಮಾಡುತ್ತಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಮೊದಲು ಆ ಪಾಲಿಯೆಸ್ಟರನ್ನು ತೆಗೆಸಿಬಿಡಿ. ಎರಡು ತಿಂಗಳಾದರೂ ತುಂಡಾಗಿಲ್ಲವೆಂದು ಸಮಾಧಾನಪಡುವಂತಿಲ್ಲ. ನೈಲಾನ್ ಗಟ್ ಸವೆದು ತುಂಡಾಗಿ ತನ್ನ ಕಾಲ ಮುಗಿಯಿತೆಂದು ತಾನೇ ಹೇಳಿಬಿಡುತ್ತದೆ. ಪಾಲಿಯೆಸ್ಟರ್ ಜೀವ ಹೋದ ಮೇಲೂ ಚೌಕಟ್ಟಿನಲ್ಲಿ ಕುಳಿತೇ ಇರುತ್ತದೆ. ಅದರ ಬಿಗಿ ಮೊದಲ ದಿನದಿಂದಲೇ ಬೇಗಬೇಗ ಇಳಿಯುತ್ತದೆ, ಹಿಗ್ಗಿ ಮರಳುವ ಗುಣವೂ ಕುಗ್ಗುತ್ತದೆ, ಆಗ ಚೆಂಡಿನ ಪೆಟ್ಟಿನಲ್ಲಿ ಹೆಚ್ಚಿನ ಪಾಲು ಕೈಗೆ ಬರುತ್ತದೆ. ನೋವಿಗೆ ಇದೊಂದೇ ಕಾರಣವೆಂದು ನಾನು ಹೇಳಲಾರೆ, ಹೊಡೆತದ ರೀತಿಯೂ ಹಿಡಿಕೆಯ ದಪ್ಪವೂ ಸೇರಿರಬಹುದು. ಆದರೆ ಸುಲಭವಾಗಿ ಬದಲಾಯಿಸಬಹುದಾದದ್ದು ಇದೇ.

ಹಾಗಿದ್ದರೆ ವೃತ್ತಿಪರರೆಲ್ಲ ಅದನ್ನೇಕೆ ಬಳಸುತ್ತಾರೆಂದು ಕೇಳಬಹುದು. ಪಾಲಿಯೆಸ್ಟರ್‌ನ ಮೈ ನುಣುಪು. ಚೆಂಡನ್ನು ಕೆಳಗಿನಿಂದ ಮೇಲಕ್ಕೆ ಉಜ್ಜಿ ಹೊಡೆದಾಗ ಉದ್ದದ ಎಳೆಗಳು ಪಕ್ಕಕ್ಕೆ ಜಾರಿ, ಚೆಂಡು ಬಿಟ್ಟುಹೋಗುವ ಮುನ್ನವೇ ಚಟ್ಟನೆ ಸ್ವಸ್ಥಾನಕ್ಕೆ ಮರಳಿ ಹೆಚ್ಚು ಸ್ಪಿನ್ ಕೊಡುತ್ತವೆ. 1997ರ ಫ್ರೆಂಚ್ ಓಪನ್ನನ್ನು ಬ್ರೆಜಿಲ್ ಆಟಗಾರ ಗುಸ್ತಾವೊ ಕುಯೆರ್ಟನ್ ಲಕ್ಸಿಲಾನ್ ಕಂಪನಿಯ ಪಾಲಿಯೆಸ್ಟರ್‌ನಲ್ಲಿ ಗೆದ್ದ ಮೇಲೆ ಎಲ್ಲರ ಕಣ್ಣೂ ಅದರತ್ತ ತಿರುಗಿತು. ಆದರೆ ಆ ಮಟ್ಟದ ಆಟಗಾರರು ಪ್ರತಿ ಪಂದ್ಯಕ್ಕೂ ಹೊಸದಾಗಿ ಬಿಗಿದ ಹಲವು ರಾಕೆಟ್‌ಗಳನ್ನು ಚೀಲದಲ್ಲಿ ಒಯ್ಯುತ್ತಾರೆ. ನಮ್ಮ ಮಕ್ಕಳು ಅದೇ ಗಟ್ಟನ್ನು ಎರಡು ತಿಂಗಳು ಎಳೆಯುತ್ತಾರೆ.

ನಿಮ್ಮ ಮಗಳಿಗೆ ನಾನು ಸೂಚಿಸುವುದು ಮಲ್ಟಿಫಿಲಮೆಂಟ್, ಅಂದರೆ ಕೂದಲಿಗಿಂತ ತೆಳುವಾದ ಅಸಂಖ್ಯ ನೈಲಾನ್ ನೂಲುಗಳನ್ನು ಹೊಸೆದು ಮಾಡಿದ ಮೃದುವಾದ ಸ್ಟ್ರಿಂಗ್, ದಪ್ಪ 1.30 ಮಿಲಿಮೀಟರ್ ಇರಲಿ. ಖರ್ಚು ಹೆಚ್ಚೆನಿಸಿದರೆ ನಡುವೆ ದಪ್ಪನೆಯ ಒಂದೇ ನೈಲಾನ್ ತಿರುಳಿರುವ ಸಿಂಥೆಟಿಕ್ ಗಟ್ ಸಾಕು, ಅದನ್ನು ಕೀಳಾಗಿ ಕಾಣುವವರ ಮಾತಿಗೆ ಕಿವಿಗೊಡಬೇಡಿ. ಹಸುವಿನ ಕರುಳಿನಿಂದ ಮಾಡುವ ನಿಜವಾದ ಗಟ್, ಅಂದರೆ ಈ ಹೆಸರಿಗೇ ಮೂಲವಾದದ್ದು, ಕೈಗೆ ಹಿತ ಮತ್ತು ಬಿಗಿಯನ್ನು ಎಲ್ಲಕ್ಕಿಂತ ಚೆನ್ನಾಗಿ ಉಳಿಸಿಕೊಳ್ಳುತ್ತದೆ. ಬೆಲೆ ಮಾತ್ರ ಕಣ್ಣಿಗೆ ಕತ್ತಲು ಬರಿಸುತ್ತದೆ. ಫೆಡರರ್ ಉದ್ದಕ್ಕೆ ಕರುಳಿನ ಗಟ್, ಅಡ್ಡಕ್ಕೆ ಪಾಲಿಯೆಸ್ಟರ್ ಹಾಕಿಸುತ್ತಿದ್ದರು. ಅಂಥ ಮಿಶ್ರಣಗಳನ್ನು ಅವಳ ಕೈ ಪೂರ್ತಿ ಗುಣವಾದ ಮೇಲೆ, ಅದೂ ಮಲ್ಟಿಫಿಲಮೆಂಟ್ ಎರಡು ವಾರಕ್ಕೊಮ್ಮೆ ತುಂಡಾಗತೊಡಗಿದರೆ ಮಾತ್ರ ಯೋಚಿಸಿ.

ಬಿಗಿಯ ಬಗ್ಗೆ: ಗಟ್ಟಿಂಗ್ ಎಂಬ ಮಾತಿನಲ್ಲೇ 'ಗಟ್ಟಿ' ಅಡಗಿರುವುದರಿಂದಲೋ ಏನೋ, ಪೌಂಡ್ ಹೆಚ್ಚಿದಷ್ಟೂ ಒಳ್ಳೆಯದೆಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಬಿಗಿ ಹೆಚ್ಚಿದರೆ ಚೆಂಡು ಅಂಕೆಯಲ್ಲಿರುತ್ತದೆ, ಹೊಡೆತ ಗಿಡ್ಡವಾಗುತ್ತದೆ. ಬಿಗಿ ತಗ್ಗಿದರೆ ಚೆಂಡು ಒಂದಿಷ್ಟು ಹೆಚ್ಚು ದೂರ ಹೋಗುತ್ತದೆ, ಕೈಗೆ ಪೆಟ್ಟು ಕಡಿಮೆ. ಬ್ಯೋರ್ನ್ ಬೋರ್ಗ್ ತಮ್ಮ ಮರದ ರಾಕೆಟ್‌ಗಳನ್ನು 80 ಪೌಂಡಿನ ಆಸುಪಾಸಿನಲ್ಲಿ ಬಿಗಿಸುತ್ತಿದ್ದರು ನಿಜ, ಆದರೆ ಆ ಚಿಕ್ಕ ತಲೆಯ ರಾಕೆಟ್ ಬೇರೆ, ಆ ತೋಳು ಬೇರೆ. ರಾಕೆಟ್‌ನ ಚೌಕಟ್ಟಿನ ಮೇಲೆ ತಯಾರಕರು ಕನಿಷ್ಠ ಮತ್ತು ಗರಿಷ್ಠ ಪೌಂಡ್ ಮುದ್ರಿಸಿರುತ್ತಾರೆ. 50ರಿಂದ 60 ಎಂದಿದ್ದರೆ ನೀವು 51 ಅಥವಾ 52ರಿಂದ ಆರಂಭಿಸಿ. ಎಂದಾದರೂ ಪಾಲಿಯೆಸ್ಟರ್‌ಗೆ ಮರಳಿದರೆ ನೈಲಾನಿಗೆ ಹಾಕಿಸುತ್ತಿದ್ದುದಕ್ಕಿಂತ ಶೇ 10ರಷ್ಟು ಇಳಿಸಿಯೇ ಹಾಕಿಸಬೇಕು. ನಿಮ್ಮ ಅಂಗಡಿಯವರು 58 ಹಾಕಿದ್ದು ನನಗೆ ಅರ್ಥವೇ ಆಗಲಿಲ್ಲ.

ಇಷ್ಟೆಲ್ಲ ಹೇಳಿದರೂ, ಯಂತ್ರದ ಮೇಲಿನ ಅಂಕಿಗೂ ರಾಕೆಟ್‌ನಲ್ಲಿ ಉಳಿಯುವ ಬಿಗಿಗೂ ಬಹಳ ಅಂತರವಿದೆ. ನಾನು ಅಂಕಿಗಿಂತ ಕಿವಿಯನ್ನು ನಂಬುತ್ತೇನೆ. ಗಟ್ ಹಾಕಿಸಿದ ದಿನ ರಾಕೆಟ್‌ನ ಕತ್ತನ್ನು ಸಡಿಲವಾಗಿ ಹಿಡಿದು, ಎಳೆಗಳ ಕಂಪನ ತಗ್ಗಿಸಲು ಸಿಕ್ಕಿಸುವ ಡ್ಯಾಂಪನರ್ ಇದ್ದರೆ ತೆಗೆದು, ನಡುಭಾಗವನ್ನು ಪೆನ್ಸಿಲ್ಲಿನಿಂದ ಮೆಲ್ಲನೆ ತಟ್ಟಿ. ಬರುವ ನಾದವನ್ನು ಶ್ರುತಿ ತೋರಿಸುವ ಮೊಬೈಲ್ ಆ್ಯಪ್‌ನಲ್ಲಿ ಗುರುತು ಮಾಡಿಟ್ಟುಕೊಳ್ಳಿ. ನಾದದ ಕಂಪನಾಂಕ ಬಿಗಿಯ ವರ್ಗಮೂಲಕ್ಕೆ ಅನುಗುಣವಾಗಿ ಏರಿಳಿಯುವುದರಿಂದ, ಮೊದಲ ದಿನದ ನಾದವನ್ನು ಷಡ್ಜವೆಂದುಕೊಂಡರೆ, ಅದು ಅರ್ಧ ಸ್ವರ ಕೆಳಗಿನ ಕಾಕಲಿ ನಿಷಾದಕ್ಕೆ ಜಾರಿದಾಗ ಬಿಗಿ ಸುಮಾರು ಶೇ 11ರಷ್ಟು ಇಳಿದಿರುತ್ತದೆ. ಅಲ್ಲಿಂದ ಇನ್ನೂ ಸ್ವಲ್ಪ ಇಳಿದರೆ ನಾನು ಕಾಯದೆ ಕತ್ತರಿಸಿಬಿಡುತ್ತೇನೆ. ಕತ್ತರಿಸುವಾಗ ನಡುವಿನಿಂದ ಹೊರಕ್ಕೆ, ಉದ್ದದ ಎಳೆ ಅಡ್ಡದ ಎಳೆ ಎರಡನ್ನೂ ಸೇರಿಸಿ ಕತ್ತರಿಸುತ್ತ ಹೋಗಬೇಕು. ಒಂದೇ ಕಡೆಯ ಬಿಗಿ ಉಳಿದರೆ ಚೌಕಟ್ಟು ಸೊಟ್ಟಗಾಗುತ್ತದೆ.

ಮಂಗಳೂರಿನಿಂದ ಉತ್ತರ

ಮೇಲಿನ ಹಿರಿಯರು ಯಂತ್ರದ ವಿಷಯ ಬಿಟ್ಟಿದ್ದಾರೆ, ನನ್ನ ಅನುಭವ ಇರುವುದು ಅಲ್ಲೇ. ಇಬ್ಬರು ಮಕ್ಕಳು ಆಡುವ ಮನೆ ನಮ್ಮದು. ಮೂರು ವರ್ಷಗಳ ಹಿಂದೆ ಡ್ರಾಪ್ ವೆಯ್ಟ್ ಯಂತ್ರ ಕೊಂಡೆವು. ಒಂದು ಸರಳಿನ ಮೇಲೆ ತಕ್ಕಡಿಯ ಬೊಟ್ಟಿನಂತೆ ಸರಿಸಬಹುದಾದ ತೂಕವಿರುತ್ತದೆ. ಬೇಕಾದ ಪೌಂಡಿಗೆ ತೂಕವನ್ನು ಸರಿಸಿ, ಎಳೆಯನ್ನು ಹಿಡಿಗೆ ಸಿಕ್ಕಿಸಿ ಸರಳನ್ನು ಬಿಟ್ಟರೆ ಅದು ನೆಲಕ್ಕೆ ಸಮಾನಾಂತರವಾಗಿ ಬಂದು ನಿಲ್ಲಬೇಕು. ಮೊದಮೊದಲು ಸ್ವಲ್ಪ ಓರೆಯಾಗಿ ನಿಂತರೂ ಕಳವಳಪಟ್ಟು ಮತ್ತೆ ಮತ್ತೆ ಎಳೆಯುತ್ತಿದ್ದೆ. ಆಮೇಲೆ ಲೆಕ್ಕ ಹಾಕಿದರೆ, ಹತ್ತು ಡಿಗ್ರಿ ಓರೆಯಾದರೂ 52 ಪೌಂಡಿನಲ್ಲಿ ಕಡಿಮೆಯಾಗುವುದು ಒಂದು ಪೌಂಡಿಗಿಂತ ಕೆಳಗೆ!

ಕೈಹಿಡಿ ತಿರುಗಿಸುವ ಕ್ರ್ಯಾಂಕ್ ಯಂತ್ರ ನಿಗದಿತ ಬಿಗಿ ಮುಟ್ಟಿದೊಡನೆ ಬೀಗ ಹಾಕಿದಂತೆ ನಿಂತುಬಿಡುತ್ತದೆ. ಎಳೆಯನ್ನು ಕಚ್ಚಿ ಹಿಡಿಯುವ ಕ್ಲ್ಯಾಂಪ್ ಹಾಕುವಷ್ಟರಲ್ಲಿ ಅದು ಹಿಗ್ಗಿ ಬಿಗಿ ಸ್ವಲ್ಪ ಇಳಿದಿರುತ್ತದೆ. ಡ್ರಾಪ್ ವೆಯ್ಟ್ ಮತ್ತು ವಿದ್ಯುತ್ ಯಂತ್ರಗಳು ಎಳೆ ಹಿಗ್ಗಿದಂತೆಲ್ಲ ಎಳೆಯುತ್ತಲೇ ಇರುತ್ತವೆ. ಆದ್ದರಿಂದ ಒಂದು ಅಂಗಡಿಯ 52 ಇನ್ನೊಂದರ 52 ಆಗಿರುವುದಿಲ್ಲ. ನಾವು ಅಂಗಡಿ ಬಿಟ್ಟು ಮನೆಯಲ್ಲಿ ಮಾಡತೊಡಗಿದಾಗ ಮಕ್ಕಳಿಗೆ ಅದೇ ಸ್ಪರ್ಶ ಸಿಗಲು ಎರಡು ಪೌಂಡ್ ಇಳಿಸಬೇಕಾಯಿತು. ಬ್ಯಾಡ್ಮಿಂಟನ್ನಿಗೆಂದೇ ಹೊಂದಿಸಿದ ಯಂತ್ರವನ್ನು ಕಡಿಮೆ ಬೆಲೆಗೆ ಸಿಕ್ಕಿತೆಂದು ಕೊಳ್ಳಬೇಡಿ, ಅದರ ಕ್ಲ್ಯಾಂಪಿನ ಹಲ್ಲುಗಳ ನಡುವೆ ದಪ್ಪ ಟೆನಿಸ್ ಎಳೆ ಸರಿಯಾಗಿ ಕೂರುವುದಿಲ್ಲ. ಕ್ಲ್ಯಾಂಪ್‌ಗಳು ಯಂತ್ರಕ್ಕೇ ಜೋಡಿಸಿದವಾಗಿದ್ದರೆ ಮೇಲು; ಬಿಡಿ ಕ್ಲ್ಯಾಂಪ್‌ಗಳು ವಾಲಿ ಬಿಗಿಯನ್ನು ತಿನ್ನುತ್ತವೆ.

ನನ್ನ ಮೊದಲ ರಾಕೆಟ್‌ಗೆ ಎರಡೂಮುಕ್ಕಾಲು ಗಂಟೆ ಹಿಡಿಯಿತು. ಅಡ್ಡದ ಎಳೆಯನ್ನು ಮಗ್ಗದ ಹೊಕ್ಕಿನಂತೆ ಒಂದರ ಮೇಲೆ ಒಂದರ ಕೆಳಗೆ ನೇಯುತ್ತ ಹೋಗಿ, ಹದಿಮೂರನೆಯ ಸಾಲಿಗೆ ಬಂದಾಗ ಒಂಬತ್ತನೆಯದರಲ್ಲಿ ಒಂದು ಹೆಣಿಗೆ ತಪ್ಪಿದ್ದು ಕಂಡು ಎಲ್ಲವನ್ನೂ ಬಿಚ್ಚಿದೆ. ಇನ್ನೊಂದು ಬಾರಿ ಅವಸರದಲ್ಲಿ ಮಲ್ಟಿಫಿಲಮೆಂಟನ್ನು ಸರ್ರನೆ ಎಳೆದೆ. ಎಳೆ ಎಳೆಗೆ ಉಜ್ಜಿದ ಬಿಸಿಗೆ ಉದ್ದದ ಎಳೆಯ ಮೇಲೆ ಗೀರು ಬಿದ್ದು, ಮಗ ನಾಲ್ಕನೆಯ ದಿನ ಅದೇ ಜಾಗದಲ್ಲಿ ತುಂಡರಿಸಿಕೊಂಡು ಬಂದ. ಎಳೆಯುವಾಗ ಕೈಯನ್ನು ಮೇಲಕ್ಕೂ ಕೆಳಕ್ಕೂ ಬೀಸುತ್ತಿದ್ದರೆ ಉಜ್ಜುವ ಜಾಗ ಬದಲಾಗುತ್ತಿರುತ್ತದೆ. ಈಗ ಐವತ್ತು ನಿಮಿಷದಲ್ಲಿ ಮುಗಿಯುತ್ತದೆ. 200 ಮೀಟರ್ ರೀಲ್ ಕೊಂಡರೆ ಹದಿನಾರು ಹದಿನೇಳು ರಾಕೆಟ್‌ಗಳಿಗೆ ಆಗುತ್ತದೆ. ಒಬ್ಬಳೇ ಮಗಳು, ತಿಂಗಳಿಗೆ ಒಂದೋ ಎರಡೋ ರಾಕೆಟ್ ಎಂದಾದರೆ, ಆರು ತಿಂಗಳು ಅಂಗಡಿಯಲ್ಲೇ ಮಾಡಿಸಿ ನೋಡಿ. ಯಂತ್ರದ ಖರ್ಚಿಗಿಂತ ನಿಮ್ಮ ತಾಳ್ಮೆಯ ಖರ್ಚು ಹೆಚ್ಚು.

ಹುಬ್ಬಳ್ಳಿಯಿಂದ ಉತ್ತರ

ಒಂದೇ ಮಾತು ಸೇರಿಸುತ್ತೇನೆ. ರಾಕೆಟ್ ಚೀಲವನ್ನು ಬಿಸಿಲಿನಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಹಾಗೆ ಬಿಟ್ಟು, ಹಿಂದಿನ ದಿನವಷ್ಟೇ ಹಾಕಿಸಿದ ಗಟ್ ಸಡಿಲವಾಗಿ ದುಡ್ಡು ದಂಡವಾಯಿತು.

ಪ್ರಶ್ನೆ ಕೇಳಿದವರಿಂದ, ಮೂರು ವಾರಗಳ ನಂತರ

ಎಲ್ಲರಿಗೂ ಕೃತಜ್ಞತೆಗಳು. ಪಾಲಿಯೆಸ್ಟರ್ ತೆಗೆಸಿ ಮಲ್ಟಿಫಿಲಮೆಂಟನ್ನು 52 ಪೌಂಡಿಗೆ ಹಾಕಿಸಿದೆ. ವೈದ್ಯರ ಅನುಮತಿಯ ಮೇಲೆ ಮಗಳು ಈಗ ದಿನಕ್ಕೆ ಅರ್ಧ ಗಂಟೆ ಆಡುತ್ತಿದ್ದಾಳೆ, ನೋವು ಮರಳಿಲ್ಲ. ಮೊದಲೆರಡು ದಿನ ಚೆಂಡುಗಳೆಲ್ಲ ಬೇಸ್‌ಲೈನಿನ ಆಚೆಗೆ ಬೀಳುತ್ತಿದ್ದವು, ಈಗ ಹಿಡಿತ ಸಿಕ್ಕಿದೆ. ವೀಣೆ ನುಡಿಸುವ ನನ್ನ ಪತ್ನಿ ಆ್ಯಪ್‌ನ ಗೊಡವೆಗೆ ಹೋಗದೆ, ಪ್ರತಿ ಭಾನುವಾರ ರಾಕೆಟ್ ತಟ್ಟಿ ಕೇಳಿ ಕ್ಯಾಲೆಂಡರ್ ಮೇಲೆ ಗುರುತು ಹಾಕುತ್ತಿದ್ದಾರೆ; ಎರಡನೆಯ ಭಾನುವಾರ, ನಿಷಾದಕ್ಕೆ ಇನ್ನೂ ಬಂದಿಲ್ಲ, ಆದರೆ ಷಡ್ಜ ಉಳಿದಿಲ್ಲವೆಂದರು. ಯಂತ್ರದ ಯೋಚನೆಯನ್ನು ಸದ್ಯಕ್ಕೆ ಬಿಟ್ಟಿದ್ದೇನೆ. ಅಂಗಡಿಯವರ ಯಂತ್ರ ಕ್ರ್ಯಾಂಕ್ ಮಾದರಿಯದು. ಮುಂದಿನ ಸಲವೂ ಅದೇ ಯಂತ್ರದಲ್ಲಿ, ಅದೇ ಹುಡುಗನ ಕೈಯಲ್ಲೇ ಹಾಕಿಸಿಕೊಡಲು ಅವರು ಒಪ್ಪಿದ್ದಾರೆ.