ಕ್ಲಬ್ಬಿನ ಪೋಕರ್ ಪಂದ್ಯ: ಹೊಸಬರಿಗೂ ನ್ಯಾಯ ಆಗುವ ಹಾಗೆ ಹೇಗೆ ನಡೆಸುವುದು?

ಪ್ರಶ್ನೆ (ಬದಿಯಡ್ಕದಿಂದ): ದೀಪಾವಳಿ ರಜೆಯಲ್ಲಿ ಕ್ಲಬ್ಬಿನಲ್ಲಿ ಟೆಕ್ಸಾಸ್ ಹೋಲ್ಡೆಮ್ (ತಲಾ ಎರಡು ಎಲೆ ಹಂಚಿ ಆಡುವ ಪೋಕರ್) ಪಂದ್ಯ ಇಡುವ ಅಂತ ಉಂಟು. 24 ಜನ, 3 ಮೇಜು, ಮಧ್ಯಾಹ್ನ 2ರಿಂದ 6.30. ಪ್ರವೇಶ ಶುಲ್ಕ ಇಲ್ಲ, ಗೆದ್ದವರಿಗೆ ಒಂದು ನೇಂದ್ರ ಗೊನೆ. ಹೆಚ್ಚಿನವರು ಇಪ್ಪತ್ತೆಂಟು ಎಂಬ ಎಲೆಯಾಟ ಆಡಿ ಗೊತ್ತಿದ್ದವರು, ಪೋಕರ್ ಹೊಸತು. ನಾಲ್ಕೈದು ಮಂದಿ ಮಾತ್ರ ಪಳಗಿದವರು. "ಬ್ಲೈಂಡ್ (ಎಲೆ ನೋಡುವ ಮೊದಲೇ ಸರದಿಯಂತೆ ಇಬ್ಬರು ಕಟ್ಟಬೇಕಾದ ಚಿಪ್ಸ್) ಹತ್ತತ್ತು ನಿಮಿಷಕ್ಕೆ ಏರಿಸಿ, ಅದೃಷ್ಟದ ಆಟವಾದರೆ ಹೊಸಬರಿಗೂ ಚಾನ್ಸ್" ಅಂತ ಒಬ್ಬರು. "ಸೋತವರಿಗೆ ಮತ್ತೊಮ್ಮೆ ಚಿಪ್ಸ್ ಕೊಡಿ" ಅಂತ ಇನ್ನೊಬ್ಬರು. ಯಾವುದು ಸರಿ ಸರ್?

ಉತ್ತರ (ಟೂರ್ನಮೆಂಟ್ ಡೈರೆಕ್ಟರ್): ಶುಲ್ಕ ಬೇಡ ಅಂತ ಮಾಡಿದ್ದು ಒಳ್ಳೆಯದಾಯಿತು. ಕಾಸು ಕಟ್ಟಿಸಿ ಆಡಿಸಿದರೆ 1960ರ ಕೇರಳ ಗೇಮಿಂಗ್ ಕಾಯ್ದೆ ಅಡ್ಡ ಬರುತ್ತದೆ, ಆಮೇಲೆ ಗೊನೆಯ ಲೆಕ್ಕ ಠಾಣೆಯಲ್ಲಿ ಕೊಡಬೇಕಾದೀತು.

ಮೊದಲನೆಯವರ ಮಾತು ಅರ್ಧ ಸರಿ. ಆಟ ಚುರುಕಾದಷ್ಟೂ ಆಲ್-ಇನ್, ಅಂದರೆ ಇದ್ದ ಚಿಪ್ಸನ್ನೆಲ್ಲ ಒಮ್ಮೆಗೇ ಪಣಕ್ಕಿಡುವುದು, ಜಾಸ್ತಿ. ನೂರಕ್ಕೆ 80 ಗೆಲ್ಲುವ ಎಲೆ ಹಿಡಿದು ಐದು ಸಲ ಆಲ್-ಇನ್ ಹೋದರೂ ಐದೂ ಸಲ ಉಳಿಯುವ ಸಾಧ್ಯತೆ ನೂರಕ್ಕೆ 33 ಮಾತ್ರ. ಅಲ್ಲಿಗೆ ಅದೃಷ್ಟ ನಿಜ. ಆದರೆ ಡೀಲರ್ ಇಲ್ಲದೆ ನೀವೇ ಎಲೆ ಹಂಚಿಕೊಂಡರೆ ಗಂಟೆಗೆ ಇಪ್ಪತ್ತು ಚಿಲ್ಲರೆ ಕೈ (ಒಂದು ಸಲ ಹಂಚಿ ಆಡುವ ಆಟ) ಆಗುತ್ತದೆ. ಹತ್ತು ನಿಮಿಷಕ್ಕೆ ಮೂರೋ ನಾಲ್ಕೋ. ಎಂಟು ಜನರ ಮೇಜಿನಲ್ಲಿ ಅರ್ಧ ಸುತ್ತು ದಾಟುವುದಿಲ್ಲ. ಒಬ್ಬನಿಗೆ ಬಿಗ್ ಬ್ಲೈಂಡ್ (ಎರಡು ಬ್ಲೈಂಡಿನಲ್ಲಿ ದೊಡ್ಡದು) ಅಗ್ಗದಲ್ಲಿ ಕಳೆದರೆ ಇನ್ನೊಬ್ಬನಿಗೆ ಬೆಲೆ ಏರಿದ ಕೂಡಲೇ ಬಡಿಯುತ್ತದೆ. ಹೊಸಬರು ಒಳ್ಳೆ ಎಲೆಗಾಗಿ ಕಾಯುತ್ತಾರೆ. ಹಂಚಿದ ಎರಡೂ ಎಲೆ ಒಂದೇ ಅಂಕದ ಜೋಡಿಯಾಗಿ ಬರುವುದೇ ಸರಾಸರಿ 17 ಕೈಗೆ ಒಂದು ಸಲ, ಅಷ್ಟರಲ್ಲಿ ನಾಲ್ಕೈದು ಲೆವೆಲ್ (ಬ್ಲೈಂಡ್ ಏರುವ ಹಂತ) ದಾಟಿರುತ್ತದೆ. ಚಿಪ್ಸ್ ಕರಗಿ 10 ಬಿಗ್ ಬ್ಲೈಂಡ್ ಉಳಿದಾಗ ಯಾವ ಎಲೆಗೆ ನುಗ್ಗಬೇಕೆಂದು ಬಲ್ಲವರು ಪಳಗಿದವರೇ. ಹಾಗಾಗಿ ಲೆವೆಲ್ 20 ನಿಮಿಷ ಇಡಿ.

ಬ್ಲೈಂಡ್ ಹೀಗೆ ಏರಲಿ: 50-100, 100-200, 150-300, 200-400, 300-600, 400-800, 600-1,200, 1,000-2,000, 1,500-3,000, 2,000-4,000, 3,000-6,000, 5,000-10,000. ಹನ್ನೆರಡು ಲೆವೆಲ್, ನಾಲ್ಕು ಗಂಟೆ. 3 ಮತ್ತು 7ನೇ ಲೆವೆಲಿನ ಕೊನೆಗೆ ಹತ್ತತ್ತು ನಿಮಿಷ ಚಾಯ. ಮೇಜಿನ ಮೇಲಿನ ಒಟ್ಟು ಚಿಪ್ಸ್ 20–25 ಬಿಗ್ ಬ್ಲೈಂಡಿಗೆ ಇಳಿಯುವ ಹೊತ್ತಿಗೆ ಇಂಥ ಪಂದ್ಯ ಸಾಮಾನ್ಯವಾಗಿ ಮುಗಿಯುತ್ತದೆ. ನಿಮ್ಮದು ತಲಾ 10,000 ಬೆಲೆಯ ಚಿಪ್ಸಿನಂತೆ 2,40,000. ಕೊನೆಯ ಲೆವೆಲಿನಲ್ಲಿ ಅದು 24 ಬಿಗ್ ಬ್ಲೈಂಡ್.

ಪ್ರಶ್ನೆ: ಹಾಗಾದ್ರೆ ಮೊದಲ ಹತ್ತು ನಿಮಿಷದಲ್ಲೇ ಔಟ್ ಆದವ ಸಂಜೆವರೆಗೆ ಎಂತ ಮಾಡ್ಬೇಕು ಮಾರಾಯ್ರೇ? ಮತ್ತೊಮ್ಮೆ ಚಿಪ್ಸ್ ಕೊಡುವುದು ಬೇಡ್ವಾ?

ಉತ್ತರ: ಪುಕ್ಕಟೆ ರೀಎಂಟ್ರಿ ಇಟ್ಟರೆ ತೊಂದರೆ ಎಲ್ಲಿ ಗೊತ್ತುಂಟಾ? ಹೇಗೂ ಇನ್ನೊಮ್ಮೆ ಸಿಗುತ್ತದೆಂದು ಮೂರನೇ ಲೆವೆಲಿನ ಕೊನೆಗೆ ಎಲ್ಲರೂ ಕಣ್ಣು ಮುಚ್ಚಿ ಆಲ್-ಇನ್. ಜಾಗ್ರತೆಯಿಂದ ಆಡಿ ಉಳಿದವನಿಗೆ 10,000, ಹಾರಾಡಿದವನಿಗೆ 20,000. ಅದು ಅನ್ಯಾಯವೇ.

ಅದರ ಬದಲು ಡಬಲ್ ಚಾನ್ಸ್ ಮಾಡಿ. ಶುರುವಿಗೆ ಎಲ್ಲರಿಗೂ 5,000, ಜೊತೆಗೆ ಒಂದು ಟೋಕನ್. ಮೂರನೇ ಲೆವೆಲ್ ಮುಗಿಯುವುದರೊಳಗೆ ಯಾವಾಗ ಬೇಕಾದರೂ, ಎರಡು ಕೈಗಳ ನಡುವೆ, ಟೋಕನ್ ಕೊಟ್ಟು ಉಳಿದ 5,000 ತೆಗೆದುಕೊಳ್ಳಬಹುದು. ತೆಗೆದುಕೊಳ್ಳದವರಿಗೆ ಮೊದಲ ಬಿಡುವಿನಲ್ಲಿ ತಾನಾಗಿ ಸಿಗುತ್ತದೆ. ಯಾರಿಗೂ 10,000ಕ್ಕಿಂತ ಒಂದು ಚಿಪ್ ಹೆಚ್ಚಿಲ್ಲ, ಸಮಯದ ಲೆಕ್ಕವೂ ತಪ್ಪುವುದಿಲ್ಲ. ಪಳಗಿದವರು ಎರಡನ್ನೂ ಒಟ್ಟಿಗೇ ತೆಗೆದುಕೊಳ್ಳುತ್ತಾರೆ, ಒಳ್ಳೆ ಎಲೆ ಬಂದಾಗ ದೊಡ್ಡದಾಗಿ ಗೆಲ್ಲಲು. ಹೊಸಬರು ಟೋಕನ್ ಜೇಬಿನಲ್ಲಿಟ್ಟುಕೊಳ್ಳುವುದು ಲೇಸು.

5,000 ಅಂದರೆ 25ರದು 8, 100ರದು 8, 500ರದು 4, 1,000ದ್ದು 2. ಟೋಕನಿಗೆ 1,000ದ್ದು 5. ಹಾಗೆ 1,000ದ ಚಿಪ್ಸೇ 168 ಬೇಕು. ಸಾಮಾನ್ಯ ಪೆಟ್ಟಿಗೆಯಲ್ಲಿ ಅಷ್ಟಿರುವುದಿಲ್ಲ, ಮೊದಲೇ ಎಣಿಸಿ. ಮೊದಲ ಬಿಡುವಿನಲ್ಲಿ 25ರದು, ಎರಡನೆಯದರಲ್ಲಿ 100ರದು ಬದಲಾಯಿಸಿ ತೆಗೆದಿಡಿ.

ಪ್ರಶ್ನೆ (ಪೆರ್ಲದಿಂದ): ಪಳಗಿದವರನ್ನೆಲ್ಲ ಒಂದೇ ಮೇಜಿಗೆ ಹಾಕಿದ್ರೆ ಆಗ್ಲಿಕ್ಕಿಲ್ವಾ?

ಉತ್ತರ: ಬೇಡ. ಹಾಗೆ ಮಾಡಿದರೆ ಅವರಿಗೆ ಅನ್ಯಾಯ, ಉಳಿದ ಎರಡು ಮೇಜಿನವರಿಗೆ ಲಾಭ. ಎಲ್ಲರೆದುರು ಚೀಟಿ ಎತ್ತಿಸಿ ಜಾಗ ಕೊಡಿ. ತಡವಾಗಿ ಬರುವವರ ಚಿಪ್ಸ್ ಮೇಜಿನ ಮೇಲೆ ಇದ್ದೇ ಇರಲಿ, ಸರದಿ ಬಂದಾಗ ಬ್ಲೈಂಡ್ ಕಡಿತವಾಗಲಿ. ಇಲ್ಲದಿದ್ದರೆ ಸಮಯಕ್ಕೆ ಬಂದವರೇ ಪೆದ್ದರಾಗುತ್ತಾರೆ.

16 ಜನ ಉಳಿದಾಗ ಎರಡು ಮೇಜು, 9 ಉಳಿದಾಗ ಒಂದೇ. ನಡುವೆ ಒಂದು ಮೇಜಿನಲ್ಲಿ ಇಬ್ಬರು ಹೆಚ್ಚಾದರೆ ಅಲ್ಲಿ ಮುಂದಿನ ಕೈಗೆ ಬಿಗ್ ಬ್ಲೈಂಡ್ ಕಟ್ಟಬೇಕಾದವರನ್ನು ಕಳಿಸಿ. ನಿಮಗೆ ಬೇಕಾದವರನ್ನು ಆರಿಸಿದರೆ ಜಗಳ ಅಲ್ಲಿಂದಲೇ ಶುರು.

ಪ್ರಶ್ನೆ: ಕೈ ನಡೆಯುತ್ತಿರುವಾಗಲೇ ಲೆವೆಲಿನ ಗಂಟೆ ಹೊಡೆದ್ರೆ?

ಉತ್ತರ: ಆ ಕೈ ಹಳೆ ಬ್ಲೈಂಡಿನಲ್ಲೇ ಮುಗಿಯಲಿ. ಹೊಸ ಬೆಲೆ ಮುಂದಿನ ಕೈಯಿಂದ. ಮೇಜಿಗೆ ಎರಡು ಬಣ್ಣದ ಎರಡು ಕಟ್ಟು ಇಡಿ. ಒಂದನ್ನು ಹಂಚುವಾಗ ಇನ್ನೊಂದನ್ನು ಪಕ್ಕದವರು ಕಲಸಿಡಲಿ, ಗಂಟೆಗೆ ನಾಲ್ಕೈದು ಕೈ ಜಾಸ್ತಿ ಸಿಗುತ್ತದೆ.