ಟಾಮ್ ಪಿಯಾನೋ ನುಡಿಸಿದ್ದಕ್ಕೆ ಆಸ್ಕರ್ ಯಾಕೆ? ಚಿಕ್ಕಪ್ಪನಿಗೆ ಉತ್ತರ

ಚಿಕ್ಕಪ್ಪಾ, ಬೆಳಿಗ್ಗೆ ನೀವು ಗ್ರೂಪಿಗೆ ಹಾಕಿದ ಟಾಮ್ ಅಂಡ್ ಜೆರ್ರಿ ವಿಡಿಯೋ ಈಗ ತಾನೇ ಮತ್ತೆ ನೋಡಿದೆ. ಅದೇ, ಟಾಮ್ ಕೋಟು ಹಾಕಿಕೊಂಡು ಪಿಯಾನೋ ನುಡಿಸೋದು. "ಬೆಕ್ಕು ಇಲಿ ಹೊಡೆದಾಡೋದಕ್ಕೆ ಆಸ್ಕರ್ ಕೊಟ್ಟಿದ್ದಾರಂತೆ, ಯಾಕೋ?" ಅಂತ ಕೇಳಿದ್ದೀರಿ. ಟೈಪ್ ಮಾಡ್ತಾ ಕೂತರೆ ಮುಗಿಯೋದಿಲ್ಲ, ಅದಕ್ಕೇ ವಾಯ್ಸ್ ಮೆಸೇಜು. ಚಿಕ್ಕಮ್ಮ, ಉದ್ದ ಆಯ್ತು ಅನಿಸಿದರೆ ಸ್ಪೀಡ್ ಜಾಸ್ತಿ ಮಾಡಿಕೊಂಡು ಕೇಳಿ.

ಅದರ ಹೆಸರು 'ದಿ ಕ್ಯಾಟ್ ಕನ್ಸರ್ಟೊ'. ವಿಲಿಯಂ ಹಾನ್ನಾ, ಜೋಸೆಫ್ ಬಾರ್ಬೆರಾ ಇಬ್ಬರೂ ಸೇರಿ ಎಂಜಿಎಂ ಅನ್ನೋ ಅಮೆರಿಕದ ಸಿನಿಮಾ ಕಂಪನಿಗೆ ಮಾಡಿದ್ದು. ಆಸ್ಕರ್ ಬಂದದ್ದು 1947ರ ಮಾರ್ಚ್‌ನಲ್ಲಿ. ಟಾಮ್ ಅಂಡ್ ಜೆರ್ರಿಗೆ ಅದು ಸತತ ನಾಲ್ಕನೇ ಆಸ್ಕರ್. ತಮಾಷೆ ಏನು ಗೊತ್ತಾ, ಪ್ರಶಸ್ತಿ ಹೋದದ್ದು ನಿರ್ಮಾಪಕ ಫ್ರೆಡ್ ಕ್ವಿಂಬಿ ಕೈಗೆ. ತಲೆ ಓಡಿಸಿದವರಿಗೆ ಚಪ್ಪಾಳೆ ಮಾತ್ರ!

ನನ್ನ ಕೇಳಿದರೆ ಆ ಆಸ್ಕರ್ ಸರಿಯಾಗೇ ಬಂದಿದೆ. ಬೇರೆ ಎಪಿಸೋಡುಗಳಲ್ಲಿ ಟಾಮ್ ಮನೆ ತುಂಬಾ ಓಡುತ್ತಾನೆ, ಪಾತ್ರೆ ಒಡೆಯುತ್ತಾನೆ, ಯಾರೂ ಕೇಳೋರಿಲ್ಲ. ಇಲ್ಲಿ ಹಾಗಲ್ಲ. ಎದುರಿಗೆ ಸಭೆ ಕೂತಿದೆ. ಏನೇ ಆದರೂ ನುಡಿಸೋದು ನಿಲ್ಲಿಸೋ ಹಾಗಿಲ್ಲ. ಕಚೇರಿಯಲ್ಲಿ ಮೈಕ್ ಕೈಕೊಟ್ಟರೂ ವಿದ್ವಾಂಸರು ಮುಖ ಕೆಡಿಸಿಕೊಳ್ಳದೆ ಹಾಡುತ್ತಾ ಹೋಗುತ್ತಾರಲ್ಲ, ಆ ಥರ. ಈ ಒಂದು ಕಟ್ಟುಪಾಡಿನಿಂದಲೇ ಪ್ರತಿ ಜೋಕಿಗೂ ಬೆಲೆ ಬಂದಿದೆ. ಜೆರ್ರಿಯನ್ನು ಹಿಡಿಯೋಕೆ ಕೈ ಬೇಕು, ಆದರೆ ಕೈ ಪಿಯಾನೋ ಮೇಲಿದೆ. ಅದಕ್ಕೇ ಟಾಮ್ ಒಂದು ಕಡೆ ಕಾಲಿನಿಂದ ನುಡಿಸಿಕೊಂಡು ಕೈ ಚಾಚುತ್ತಾನೆ!

ಆ ಇಲಿಬೋನಿನ ಭಾಗ ಇನ್ನೊಂದು ಸಲ ನೋಡಿ. ಜೆರ್ರಿ ಕೆಲವು ಬಿಳಿ ಕೀಗಳನ್ನು ತೆಗೆದು ಆ ಜಾಗದಲ್ಲಿ ಬೋನು ಇಡುತ್ತಾನೆ. ಟಾಮ್ ಬೆರಳು ಅದರ ಆ ಕಡೆ ಬೀಳುತ್ತೆ, ಈ ಕಡೆ ಬೀಳುತ್ತೆ, ಬೋನಿನ ಮೇಲೆ ಮಾತ್ರ ಬೀಳಲ್ಲ. ಸಿಕ್ಕಿಕೊಳ್ಳುತ್ತೆ ಅಂತ ನಮಗೆ ಗೊತ್ತು. ಯಾವಾಗ ಅನ್ನೋದನ್ನು ಮಾತ್ರ ಬಿಟ್ಟುಕೊಡೋದಿಲ್ಲ. ಇದರಲ್ಲಿ ಒಂದು ಮಾತೂ ಇಲ್ಲ, ಅಷ್ಟನ್ನೂ ಲಯವೇ ಆಡಿಸುತ್ತೆ. ಸಂಗೀತ ಹಂಗೇರಿಯ ಸಂಗೀತಕಾರ ಫ್ರಾಂಜ್ ಲಿಸ್ಟ್‌ನ 'ಎರಡನೇ ಹಂಗೇರಿಯನ್ ರಾಪ್ಸೋಡಿ' ಅನ್ನೋ ಪಿಯಾನೋ ಕೃತಿ, 1847ರದ್ದು. ಮೊದಲರ್ಧ ನಿಧಾನ, ಗಂಭೀರ. ಟಾಮ್ ಬಿಂಕಕ್ಕೆ ಹೇಳಿ ಮಾಡಿಸಿದ ಹಾಗಿದೆ. ಆಮೇಲೆ ಓಟ ಶುರು, ಜಗಳವೂ ಅದರ ಜೊತೆಗೇ ಏರುತ್ತೆ. ಕಥೆ ಬರೆಯೋ ಕೆಲಸದಲ್ಲಿ ಅರ್ಧವನ್ನು ಆ ಫ್ರಾಂಜ್ ಲಿಸ್ಟೇ ಮಾಡಿಟ್ಟಿದ್ದ ಅನ್ನಿ. ಆ ಸಂಗೀತವನ್ನು ಕಾರ್ಟೂನಿಗೆ ಹೊಂದಿಸಿದವರು ಸ್ಕಾಟ್ ಬ್ರ್ಯಾಡ್ಲಿ.

ಹಾಗಂತ ಕೊರತೆ ಇಲ್ಲ ಅಂತಲ್ಲ. ನಡುವೆ ಜೆರ್ರಿ ಪಿಯಾನೋ ಒಳಗೆ ತಂತಿಗೆ ಬಡಿಯೋ ಸುತ್ತಿಗೆಗಳ ಮೇಲೆ ಕುಣಿದಾಗ ಸಂಗೀತ ಇದ್ದಕ್ಕಿದ್ದ ಹಾಗೆ ಬೇರೆ ಆಗುತ್ತಲ್ಲ, ಅದು ಆಗಿನ ಕಾಲದ ಒಂದು ರೈಲಿನ ಹಾಡು. ಎಂಜಿಎಂನದೇ ಸಿನಿಮಾದ್ದು. ಅದೇ ಸಮಾರಂಭದಲ್ಲಿ ಆ ಹಾಡಿಗೂ ಆಸ್ಕರ್ ಬಂತು. ಆಗಿನ ಅಮೆರಿಕದವರು ಬಿದ್ದು ಬಿದ್ದು ನಕ್ಕಿರಬಹುದು. ನಮಗೆ ಅದು ಸುಮ್ನೆ ಒಂದು ಟ್ಯೂನ್, ಅಷ್ಟೇ.

ನನಗೆ ನಿಜವಾಗಿ ಕಿರಿಕಿರಿ ಆಗೋದು ಕೊನೆ. ಜೆರ್ರಿ ಒಳಗಿನಿಂದ ಸುತ್ತಿಗೆ ಮುರಿದುಕೊಂಡು ತಾನೇ ಬಾರಿಸುತ್ತಾನೆ. ಮುಗೀತು ಅಂದ ಮೇಲೂ ಮುಗಿಯಲ್ಲ. ಟಾಮ್ ಸುಸ್ತಾಗಿ ಬೀಳುತ್ತಾನೆ, ಚಪ್ಪಾಳೆ ಜೆರ್ರಿಗೆ. ಪುಟ್ಟಿ ಪಕ್ಕದಲ್ಲೇ ನೋಡುತ್ತಿದ್ದಳು, "ಅಷ್ಟು ಹೊತ್ತು ನುಡಿಸಿದ್ದು ಟಾಮ್ ಅಲ್ವಾ?" ಅಂದಳು. ಸರಿಯಾದ ಪ್ರಶ್ನೆ. ಟಾಮ್ ಜಂಬದವನೇ, ಆದರೂ ಅವನು ತನ್ನ ಕೆಲಸ ಮಾಡುತ್ತಿದ್ದ. ಇಲಿ ಗೆಲ್ಲಬೇಕು ಅನ್ನೋ ಮಾಮೂಲಿ ಲೆಕ್ಕ ಇಲ್ಲಿಗೆ ಹೊಂದೋದಿಲ್ಲ. ಜೆರ್ರಿಗೆ ಇಲ್ಲಿ ತುಂಟತನ ಬಿಟ್ಟರೆ ಬೇರೆ ಗುಣವೂ ಇಲ್ಲ.

ಇನ್ನೊಂದು ವಿಷಯ. ಎಂಜಿಎಂ ಥರದ್ದೇ ಇನ್ನೊಂದು ಸಿನಿಮಾ ಕಂಪನಿ ವಾರ್ನರ್ ಬ್ರದರ್ಸ್‌ನವರು ಹೆಚ್ಚುಕಡಿಮೆ ಅದೇ ಹೊತ್ತಿಗೆ, 1946ರಲ್ಲಿ, ತಮ್ಮ ಕಾರ್ಟೂನ್ ಮೊಲ ಬಗ್ಸ್ ಬನ್ನಿಯನ್ನು ಪಿಯಾನೋ ಮುಂದೆ ಕೂರಿಸಿ 'ರಾಪ್ಸೋಡಿ ರ‍್ಯಾಬಿಟ್' ಮಾಡಿದರು. ಅದೇ ಸಂಗೀತ, ಅಲ್ಲೂ ಒಂದು ಇಲಿಯ ಕಾಟ. ಕದ್ದಿದ್ದೀರಿ ಅಂತ ಎರಡೂ ಕಡೆಯವರು ಒಬ್ಬರನ್ನೊಬ್ಬರು ದೂರಿದರು. ಬಿಡಿ ಬಿಡಿ ಜೋಕುಗಳಲ್ಲಿ ಬಗ್ಸ್‌ನದೇ ಮೇಲು. ನುಡಿಸುವಾಗ ಅವನಿಗೆ ಫೋನ್ ಬರುತ್ತೆ. ಫ್ರಾಂಜ್ ಲಿಸ್ಟ್ ಇದ್ದಾರಾ ಅಂತ ಕೇಳಿದರೆ, ಅಂಥವರ ಹೆಸರೇ ಕೇಳಿಲ್ಲ, ರಾಂಗ್ ನಂಬರ್ ಅಂದುಬಿಡುತ್ತಾನೆ! ಆದರೆ ಬಗ್ಸ್‌ಗೆ ಸಭೆಯ ಭಯವೇ ಇಲ್ಲ. ಹಾಗಾಗಿ ಮುಂದೇನಾಗುತ್ತೋ ಅನ್ನೋ ತವಕ ನಮಗೂ ಹುಟ್ಟೋದಿಲ್ಲ. ಆ ವಿಷಯದಲ್ಲಿ ಟಾಮ್‌ದೇ ಗಟ್ಟಿ.

ಚಿಕ್ಕಪ್ಪಾ, ಬಗ್ಸ್‌ದು ಸಿಕ್ಕರೆ ಗ್ರೂಪಿಗೆ ಹಾಕುತ್ತೇನೆ. ಎರಡನ್ನೂ ಸೌಂಡ್ ಜೋರಾಗಿಟ್ಟು ನೋಡಿ. ಪ್ಲೀಸ್, ಮ್ಯೂಟ್ ಮಾಡಿಕೊಂಡು ನೋಡಬೇಡಿ.