300 ಜಿಬಿ ಖಾಲಿಯಿದ್ದರೂ ‘ಜಾಗವಿಲ್ಲ’ ಎಂದು ಅರ್ಧಕ್ಕೆ ನಿಂತ ಉಬುಂಟು ಅಪ್‌ಗ್ರೇಡ್

ಪ್ರಶ್ನೆ

ನಾನು ನಿವೃತ್ತ ಹೈಸ್ಕೂಲು ಶಿಕ್ಷಕ. ನನ್ನ ಲ್ಯಾಪ್‌ಟಾಪ್ 2014ರಲ್ಲಿ ಕೊಂಡದ್ದು. 4 ಜಿಬಿ ರ್‍ಯಾಮ್, 500 ಜಿಬಿ ಹಾರ್ಡ್ ಡಿಸ್ಕ್ ಇದೆ. 2016ರಲ್ಲಿ ಇದಕ್ಕೆ ಉಬುಂಟು 16.04 (ವಿಂಡೋಸ್‌ನಂಥ ಒಂದು ಉಚಿತ ಕಾರ್ಯಾಚರಣೆ ವ್ಯವಸ್ಥೆ) ಹಾಕಿಕೊಂಡಾಗ ಇಡೀ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿಸಿದ್ದೆ. ಆಮೇಲೆ 18.04ಕ್ಕೂ 20.04ಕ್ಕೂ ಯಾವ ತೊಂದರೆಯೂ ಇಲ್ಲದೆ ಏರಿದೆ. 20.04ರ ಸಾಮಾನ್ಯ ಬೆಂಬಲ 2025ರ ಮೇ ತಿಂಗಳಿಗೆ ಮುಗಿದುದರಿಂದ ಈಗ 22.04ಕ್ಕೆ ಹೋಗಲು ಹೊರಟೆ. ಅಪ್‌ಗ್ರೇಡ್ ಆರಂಭದಲ್ಲಿಯೇ ‘ಬೂಟ್‌ನಲ್ಲಿ ಸಾಕಷ್ಟು ಜಾಗವಿಲ್ಲ’ ಎಂಬ ಅರ್ಥದ ಸಂದೇಶ ತೋರಿಸಿ ನಿಂತುಬಿಟ್ಟಿತು. ಡಿಸ್ಕ್‌ನಲ್ಲಿ 300 ಜಿಬಿಗಿಂತ ಹೆಚ್ಚು ಖಾಲಿಯಿದ್ದುದರಿಂದ ಇದು ಏನೋ ತಪ್ಪು ಸಂದೇಶವಿರಬೇಕೆಂದು ಭಾವಿಸಿದೆ. ನನ್ನ ಅಕ್ಕನ ಮಗ ಒಂದು ವಿಡಿಯೋ ನೋಡಿ, ತಂತ್ರಾಂಶವನ್ನು ಎಲ್ಲಿಂದ ತರಬೇಕೆಂದು ಹೇಳುವ ಸೋರ್ಸಸ್ ಲಿಸ್ಟ್ ಫೈಲಿನಲ್ಲಿ ‘ಫೋಕಲ್’ (20.04ರ ಹೆಸರು) ಎಂದಿದ್ದಲ್ಲೆಲ್ಲ ‘ಜ್ಯಾಮಿ’ (22.04ರ ಹೆಸರು) ಎಂದು ತಿದ್ದಿ, ಟರ್ಮಿನಲ್‌ನಿಂದಲೇ ಅಪ್‌ಗ್ರೇಡ್ ಶುರುಮಾಡಿಕೊಟ್ಟ.

ಎರಡು ಗಂಟೆ ಓಡಿದ ಮೇಲೆ ಇನಿಟ್‌ರ್‍ಯಾಮ್‌ಎಫ್‌ಎಸ್ ಎಂಬ ಹೆಸರಿನೊಡನೆ ಒಂದೆರಡು ದೋಷಗಳು ಕಾಣಿಸಿದವು. ನಾನು ಅವನ್ನು ಓದುತ್ತಿರುವಾಗಲೇ ಕರೆಂಟು ಹೋಯಿತು. ಬ್ಯಾಟರಿ ಸತ್ತು ಮೂರು ವರ್ಷವಾಗಿರುವುದರಿಂದ ಲ್ಯಾಪ್‌ಟಾಪ್ ಅಲ್ಲಿಗೇ ಆರಿತು. ಈಗ ಆನ್ ಮಾಡಿದರೆ ಕಪ್ಪು ಪರದೆಯ ಮೇಲೆ ‘ಕರ್ನಲ್ ಪ್ಯಾನಿಕ್’ ಎಂದೂ, ಅದರ ಕೊನೆಯಲ್ಲಿ ‘ಅನ್‌ನೋನ್ ಬ್ಲಾಕ್ (0,0)’ ಎಂದೂ ಬಂದು ನಿಲ್ಲುತ್ತದೆ. ಡಿಸ್ಕ್‌ನ ಪಾಸ್‌ವರ್ಡ್ ಕೂಡ ಕೇಳುವುದಿಲ್ಲ. ಕರೆಂಟು ಹೋದುದರಿಂದ ಡಿಸ್ಕ್ ಕೆಟ್ಟಿತೆ? ಹತ್ತು ವರ್ಷ ಟೈಪ್ ಮಾಡಿದ ಪಾಠಗಳೂ ಊರಿನ ದೇವಸ್ಥಾನದ ಲೆಕ್ಕಪತ್ರಗಳೂ ಅದರಲ್ಲಿವೆ.

ಮೊದಲ ಉತ್ತರ

ಮೇಷ್ಟ್ರೇ, ಬೇರೇನನ್ನೂ ಮಾಡುವ ಮೊದಲು ಕಡತಗಳನ್ನು ಹೊರತೆಗೆಯಿರಿ. ಇನ್ನೊಂದು ಕಂಪ್ಯೂಟರಿನಲ್ಲಿ 22.04ರ ಪೆನ್‌ಡ್ರೈವ್ ಸಿದ್ಧಪಡಿಸಿಕೊಂಡು, ಅದರಿಂದ ಬೂಟ್ ಮಾಡಿ, ‘ಟ್ರೈ ಉಬುಂಟು’ ಆರಿಸಿಕೊಳ್ಳಿ. ಅಪ್ಪಿತಪ್ಪಿಯೂ ‘ಇನ್‌ಸ್ಟಾಲ್’ ಒತ್ತಬೇಡಿ. ಫೈಲ್ಸ್ ಕಿಟಕಿಯ ಎಡಬದಿಯಲ್ಲಿ ನಿಮ್ಮ ಎನ್‌ಕ್ರಿಪ್ಟ್ ಆದ ಡಿಸ್ಕ್ ಕಾಣಿಸುತ್ತದೆ. ಅದನ್ನು ಒತ್ತಿದರೆ ಹಳೆಯ ಪಾಸ್‌ವರ್ಡ್ ಕೇಳುತ್ತದೆ. ತೆರೆದುಕೊಂಡರೆ ನಿಮ್ಮ ಪಾಠಗಳು ಸುರಕ್ಷಿತವಾಗಿವೆ ಎಂದೇ ಅರ್ಥ. ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಳ್ಳಿ.

ಅಲ್ಲಿಯೇ ‘ಡಿಸ್ಕ್ಸ್’ ಎಂಬ ಆ್ಯಪ್ ತೆರೆದು, ಮೆನುವಿನಲ್ಲಿ ಸ್ಮಾರ್ಟ್ ವಿವರಗಳನ್ನು (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ದಾಖಲೆ) ನೋಡಿ. ‘ರೀಅಲೊಕೇಟೆಡ್ ಸೆಕ್ಟರ್’ ಮತ್ತು ‘ಕರೆಂಟ್ ಪೆಂಡಿಂಗ್ ಸೆಕ್ಟರ್’ ಎಂಬ ಎರಡು ಸಾಲುಗಳ (ಡಿಸ್ಕಿನಲ್ಲಿ ಕೆಟ್ಟ ಮತ್ತು ಕೆಟ್ಟಿರಬಹುದಾದ ಭಾಗಗಳ) ಸಂಖ್ಯೆ ಸೊನ್ನೆಯಾಗಿದ್ದರೆ ಚಿಂತೆಯಿಲ್ಲ. (ಈ ‘ಕರೆಂಟ್’ ನಿಮ್ಮ ಊರಿನಲ್ಲಿ ಹೋದ ಕರೆಂಟಲ್ಲ.) ಹನ್ನೊಂದು ವರ್ಷದ ಡಿಸ್ಕನ್ನು ನಾನಂತೂ ನಂಬುವುದಿಲ್ಲ.

ಎರಡನೆಯ ಉತ್ತರ

ಬ್ಯಾಕಪ್ ಬಗ್ಗೆ ಮೇಲಿನವರು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿ. ಆದರೆ ಈ ಸಲ ಕರೆಂಟಿನ ತಪ್ಪು ಕಡಿಮೆ, ಡಿಸ್ಕಿನ ತಪ್ಪು ಬಹುಶಃ ಏನೂ ಇಲ್ಲ. ನೀವು ತಪ್ಪೆಂದು ಬದಿಗಿಟ್ಟ ಆ ಮೊದಲ ಸಂದೇಶವೇ ನಿಜ ಹೇಳುತ್ತಿತ್ತು.

ಡಿಸ್ಕ್ ಪೂರ್ತಿ ಎನ್‌ಕ್ರಿಪ್ಟ್ ಮಾಡಿದಾಗ ಉಬುಂಟು ‘ಬೂಟ್’ ಎಂಬ ಚಿಕ್ಕ ಪಾರ್ಟಿಶನ್ ಒಂದನ್ನು ಬೀಗ ಹಾಕದೆ ಬೇರೆಯಾಗಿ ಇಡುತ್ತದೆ, ಏಕೆಂದರೆ ಪಾಸ್‌ವರ್ಡ್ ಕೇಳುವ ಪ್ರೋಗ್ರಾಮೇ ಬೀಗದ ಒಳಗಿದ್ದರೆ ಬಾಗಿಲು ತೆಗೆಯುವವರು ಯಾರು? 16.04ರ ಕಾಲದಲ್ಲಿ ಅದಕ್ಕೆ ಸುಮಾರು 500 ಎಂಬಿ ಮಾತ್ರ ಕೊಡುತ್ತಿದ್ದರು. ಪ್ರತಿ ಕರ್ನಲ್‌ಗೂ (ಉಬುಂಟುವಿನ ತಿರುಳಾದ ಪ್ರೋಗ್ರಾಮ್) ಅಲ್ಲಿ, ಡಿಸ್ಕನ್ನು ಹುಡುಕಿ ತೆರೆಯುವ ಸಲಕರಣೆಗಳಿರುವ ಒಂದು ಇನಿಟ್‌ರ್‍ಯಾಮ್‌ಎಫ್‌ಎಸ್ ಫೈಲ್ ಬೇಕು. ಈಗಿನ ಕರ್ನಲ್‌ಗಳಲ್ಲಿ ಅದೊಂದೇ 100 ಎಂಬಿಯ ಆಸುಪಾಸಿಗೆ ಬೆಳೆದಿದೆ. ಮನೆಯಲ್ಲಿ ಹತ್ತು ಕೋಣೆ ಖಾಲಿಯಿದ್ದರೂ ಜಗುಲಿಯಲ್ಲಿ ಕಾಲಿಡಲು ಜಾಗವಿಲ್ಲದಿದ್ದರೆ ನೆಂಟರು ಒಳಗೆ ಬರುವುದು ಹೇಗೆ? ಅಧಿಕೃತ ಅಪ್‌ಗ್ರೇಡ್ ಸಾಧನ ಈ ಲೆಕ್ಕವನ್ನು ಮೊದಲೇ ಹಾಕಿ ನಿಲ್ಲುತ್ತದೆ. ಸೋರ್ಸಸ್ ಲಿಸ್ಟ್ ತಿದ್ದಿದರೆ ಲೆಕ್ಕ ಹಾಕುವವರೇ ಇರುವುದಿಲ್ಲ. ನಿಮ್ಮ ಅಳಿಯನಿಗೆ ಬೈಯಬೇಡಿ, ನಾನೂ ಒಮ್ಮೆ ಹೀಗೆಯೇ ಮಾಡಿದ್ದೆ.

‘(0,0)’ ಎಂಬುದು ಇದಕ್ಕೆ ಸಾಕ್ಷಿ: ಹೊಸ ಕರ್ನಲ್ ಬಂದಿದೆ, ಅದರ ಜೊತೆಗಾರ ಫೈಲ್ ಹುಟ್ಟಿಲ್ಲ, ಹಾಗಾಗಿ ಅದಕ್ಕೆ ಯಾವ ಡಿಸ್ಕೂ ಕಾಣಿಸುತ್ತಿಲ್ಲ. ಆನ್ ಮಾಡಿದ ತಕ್ಷಣ ಶಿಫ್ಟ್ ಒತ್ತಿ ಹಿಡಿಯಿರಿ (ಹೊಸ ಬಗೆಯ ಬೂಟ್ ವ್ಯವಸ್ಥೆಯಾದ ಯುಇಎಫ್‌ಐ ಇರುವ ಯಂತ್ರವಾದರೆ ಎಸ್ಕೇಪ್ ಕೀಲಿಯನ್ನು ಒಮ್ಮೆ ತಟ್ಟಿ). ಆಗ ಬರುವ ಗ್ರಬ್ ಮೆನುವಿನಲ್ಲಿ (ಯಾವುದರಿಂದ ಬೂಟ್ ಆಗಬೇಕೆಂದು ಕೇಳುವ ಪಟ್ಟಿ) ‘ಅಡ್ವಾನ್ಸ್ಡ್ ಆಪ್ಶನ್ಸ್’ಗೆ ಹೋಗಿ ಹಳೆಯ 5.4 ಸರಣಿಯ ಕರ್ನಲ್ ಆರಿಸಿ. ಪಾಸ್‌ವರ್ಡ್ ಕೇಳಿತೆಂದರೆ ಅರ್ಧ ಕೆಲಸ ಮುಗಿದಂತೆ. ಒಳಗೆ ಹೋದ ಮೇಲೆ ಟರ್ಮಿನಲ್‌ನಲ್ಲಿ ಡಿಎಫ್ ಆಜ್ಞೆಯಿಂದ ಬೂಟ್‌ನಲ್ಲಿ ಎಷ್ಟು ಉಳಿದಿದೆ ಎಂಬುದನ್ನು ನೋಡಿ, ಆ ಫೋಲ್ಡರಿನಲ್ಲಿ ಯಾವ ಯಾವ ಕರ್ನಲ್‌ಗಳಿವೆ ಎಂಬುದರ ಜೊತೆಗೆ ಇಲ್ಲಿ ಬರೆಯಿರಿ. ಅಲ್ಲಿಯವರೆಗೆ ಏನನ್ನೂ ಅಳಿಸಬೇಡಿ.

ಪ್ರಶ್ನೆ ಕೇಳಿದವರು

ಪೆನ್‌ಡ್ರೈವ್‌ನಿಂದ ಎಲ್ಲವನ್ನೂ ನಕಲು ಮಾಡಿಕೊಂಡೆ, ಲೆಕ್ಕಪತ್ರಗಳು ಸುರಕ್ಷಿತವಾಗಿವೆ. 5.4 ಕರ್ನಲ್ ಆರಿಸಿದಾಗ ಪಾಸ್‌ವರ್ಡ್ ಕೇಳಿ ಒಳಗೆ ಬಿಟ್ಟಿತು. ಬೂಟ್‌ನ ಒಟ್ಟು ಗಾತ್ರ 472 ಎಂಬಿ, ಬಳಕೆಯಾದದ್ದು 402, ಉಳಿದದ್ದು 46. ಕರ್ನಲ್‌ಗಳು ಐದು: 4.15 ಒಂದು, 5.4 ಮೂರು, ಹೊಸ 5.15 ಒಂದು. ಆದರೆ 46 ಎಂಬಿ ಉಳಿದಿರುವಾಗ ಜಾಗ ತುಂಬಿತೆಂದು ಹೇಗೆ ಹೇಳುವುದು?

ಎರಡನೆಯ ಉತ್ತರದವರು

ಹೊಸ ಫೈಲನ್ನು ಬರೆಯಲು ಆರಂಭಿಸಿ, ಜಾಗ ಸಾಲದೆ ಹೋದಾಗ ಅದು ಬರೆದಷ್ಟನ್ನೂ ತಾನೇ ಅಳಿಸಿ ಹಿಂದೆ ಸರಿಯುತ್ತದೆ. ಆದ್ದರಿಂದ ಈಗ ನೋಡಿದರೆ ಜಾಗ ಇರುವಂತೆಯೇ ಕಾಣುತ್ತದೆ.

ಈಗ ಕೆಲಸ ಹೀಗೆ. ಯುನೇಮ್ ಆಜ್ಞೆಯಿಂದ ಸದ್ಯ ಓಡುತ್ತಿರುವ ಕರ್ನಲ್ ಯಾವುದೆಂದು ನೋಡಿ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಅದನ್ನು ಯಾವ ಕಾರಣಕ್ಕೂ ಮುಟ್ಟಬಾರದು. 18.04ರ ಕಾಲದಿಂದ ಉಳಿದ 4.15ನ್ನೂ 5.4ರಲ್ಲಿ ತೀರ ಹಳೆಯದನ್ನೂ ತೆಗೆಯಿರಿ. ಅರ್ಧಕ್ಕೆ ನಿಂತ ಸ್ಥಿತಿಯಲ್ಲಿ ಎಪಿಟಿ (ತಂತ್ರಾಂಶದ ಪ್ಯಾಕೇಜುಗಳನ್ನು ತರುವ, ತೆಗೆಯುವ ಸಾಧನ) ನಿಮ್ಮ ಮಾತು ಕೇಳುವುದಿಲ್ಲ, ಆದ್ದರಿಂದ ಅದರ ಕೆಳಗೆ ಕೆಲಸ ಮಾಡುವ ಡಿಪಿಕೆಜಿಯ ‘ಪರ್ಜ್’ (ಪೂರ್ತಿ ತೆಗೆದುಹಾಕು) ಬಳಸಿ, ಆಯಾ ಕರ್ನಲ್‌ನ ಇಮೇಜ್, ಮಾಡ್ಯೂಲ್ಸ್, ಮಾಡ್ಯೂಲ್ಸ್-ಎಕ್ಸ್‌ಟ್ರಾ ಮೂರನ್ನೂ ಒಂದೇ ಸಾಲಿನಲ್ಲಿ ಕೊಡಿ. ಬೂಟ್ ಫೋಲ್ಡರಿಗೆ ಹೋಗಿ ಫೈಲುಗಳನ್ನು ಕೈಯಿಂದ ಅಳಿಸುವ ಸಲಹೆ ಹಲವೆಡೆ ಸಿಗುತ್ತದೆ. ಹಾಗೆ ಮಾಡಿದರೆ ಪ್ಯಾಕೇಜಿನ ಲೆಕ್ಕವೂ ಡಿಸ್ಕಿನ ಲೆಕ್ಕವೂ ತಾಳೆಯಾಗದೆ ಮುಂದೆ ಇನ್ನೊಂದು ಗೋಜಲಾಗುತ್ತದೆ.

ನಂತರ ಇನಿಟ್‌ರ್‍ಯಾಮ್‌ಎಫ್‌ಎಸ್‌ನ ಕಾನ್ಫಿಗರೇಶನ್ ಫೈಲಿನಲ್ಲಿ ‘ಕಂಪ್ರೆಸ್’ ಎಂಬ ಸಾಲಿಗೆ ‘ಎಕ್ಸ್‌ಜೆಡ್’ (ಫೈಲನ್ನು ಬಿಗಿಯಾಗಿ ಕುಗ್ಗಿಸುವ ವಿಧಾನ) ಎಂದು ಕೊಡಿ. ಫೈಲ್ ಚಿಕ್ಕದಾಗುತ್ತದೆ, ಬಿಚ್ಚಲು ಸ್ವಲ್ಪ ಹೆಚ್ಚು ಸಮಯ ಹಿಡಿಯುತ್ತದೆ. ‘ಮಾಡ್ಯೂಲ್ಸ್’ ಸಾಲನ್ನು ‘ಡೆಪ್’ (ಈ ಯಂತ್ರಕ್ಕೆ ಬೇಕಾದಷ್ಟೇ) ಮಾಡಿದರೆ ಇನ್ನೂ ಚಿಕ್ಕದಾಗುತ್ತದೆಯಾದರೂ, ನಾಳೆ ಆ ಡಿಸ್ಕನ್ನು ಬೇರೆ ಯಂತ್ರಕ್ಕೆ ಹಾಕಿದರೆ ಬೂಟ್ ಆಗದೆ ಹೋಗಬಹುದು. ನಿಮಗೆ ಅದು ಬೇಡ. ಕೊನೆಗೆ ಡಿಪಿಕೆಜಿಯ ‘ಕಾನ್ಫಿಗರ್’, ಎಪಿಟಿಯ ‘ಫಿಕ್ಸ್-ಬ್ರೋಕನ್’, ಫುಲ್-ಅಪ್‌ಗ್ರೇಡ್, ಅಪ್‌ಡೇಟ್-ಗ್ರಬ್ ಇವನ್ನು ಇದೇ ಅನುಕ್ರಮದಲ್ಲಿ ಓಡಿಸಿ. ತಿದ್ದಿದ ಫೈಲನ್ನು ಏನು ಮಾಡಲಿ ಎಂದು ನಡುವೆ ಕೇಳಿದರೆ ನಿಮ್ಮದನ್ನೇ ಉಳಿಸಿಕೊಳ್ಳಿ. ದಯವಿಟ್ಟು ಈ ಸಲ ಯುಪಿಎಸ್ ಇರುವವರ ಮನೆಯಲ್ಲಿ ಮಾಡಿ.

ಮೂರನೆಯ ಉತ್ತರ

ಇದನ್ನು ಮುಂದೆ ಓದುವವರಿಗಾಗಿ ಒಂದು ಭಿನ್ನಾಭಿಪ್ರಾಯ. ಕೆಲಸ ಮಾಡುತ್ತಿರುವ 20.04 ಯಂತ್ರವನ್ನು ಅವಸರದಲ್ಲಿ ಏರಿಸಲೇಬೇಕೆಂದಿಲ್ಲ. ಉಬುಂಟು ಪ್ರೋ ವೈಯಕ್ತಿಕ ಬಳಕೆಗೆ ಐದು ಯಂತ್ರಗಳವರೆಗೆ ಉಚಿತವಾಗಿದ್ದು, ಅದರಲ್ಲಿ 20.04ಕ್ಕೆ 2030ರವರೆಗೆ ಭದ್ರತಾ ಪರಿಹಾರಗಳು ಸಿಗುತ್ತವೆ. 22.04ರ ಸಾಮಾನ್ಯ ಬೆಂಬಲವೇ 2027ರಲ್ಲಿ ಮುಗಿಯುತ್ತದೆ. ಅರ್ಧ ದಾರಿಗೆ ಬಂದಿರುವ ಮೇಷ್ಟ್ರು ಹಿಂದಿರುಗುವಂತಿಲ್ಲ, ಉಳಿದವರು ಯೋಚಿಸಬಹುದು.

ಪ್ರಶ್ನೆ ಕೇಳಿದವರು

ನೆರೆಮನೆಯವರ ಯುಪಿಎಸ್‌ಗೆ ಲ್ಯಾಪ್‌ಟಾಪ್ ಸಿಕ್ಕಿಸಿ, ಹೇಳಿದ ಅನುಕ್ರಮದಲ್ಲಿಯೇ ಮಾಡಿದೆ. 22.04 ಬಂದಿದೆ. ಬೂಟ್‌ನಲ್ಲಿ ಈಗ 302 ಎಂಬಿ ಬಳಕೆಯಾಗಿದ್ದು 146 ಉಳಿದಿದೆ. ಪಾಸ್‌ವರ್ಡ್ ಕೇಳುವುದು ಮೊದಲಿಗಿಂತ ಐದಾರು ಸೆಕೆಂಡು ತಡವಾಗುತ್ತದೆ, ನನಗೇನೂ ಅಡ್ಡಿಯಿಲ್ಲ. ಐಬಸ್‌ನಲ್ಲಿ (ಭಾರತೀಯ ಭಾಷೆಗಳನ್ನು ಟೈಪ್ ಮಾಡಲು ನೆರವಾಗುವ ತಂತ್ರಾಂಶ) ಕನ್ನಡದ ಕೆಜಿಪಿ ಕೀಲಿಮಣೆ ಹಾಗೆಯೇ ಉಳಿದಿದೆ. ಈ ಉತ್ತರವನ್ನು ಅದರಲ್ಲಿಯೇ ಟೈಪ್ ಮಾಡುತ್ತಿದ್ದೇನೆ. ಮೊದಲ ಉತ್ತರದವರ ಮಾತಿನಂತೆ ಸ್ಮಾರ್ಟ್ ವಿವರ ನೋಡಿದಾಗ ಪೆಂಡಿಂಗ್ ಸೆಕ್ಟರ್ 8 ಎಂದು ತೋರಿಸಿತು. ಅಕ್ಕನ ಮಗ ಭಾನುವಾರ ಎಸ್‌ಎಸ್‌ಡಿ ತರುತ್ತಾನೆ; ಅದಕ್ಕೆ ಹೊಸದಾಗಿಯೇ ಇನ್‌ಸ್ಟಾಲ್ ಮಾಡುವಾಗ ಬೂಟ್‌ಗೆ 2 ಜಿಬಿ ಕೊಡಬೇಕೆಂದಿದ್ದೇನೆ.